ಜಾಡಿಯ ಮುದುಕಿ

ಮಾರ್ಚ್ ೪

…… ,

ಅಮ್ಮ ಮೆಟ್ಟಿಲಿನ ಮೇಲೆ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡಿದ್ದಾಳೆ. ಶಸ್ತ್ರಚಿಕಿತ್ಸೆ ಆಯಿತು, ಜೀವಕ್ಕೇನೂ ಅಪಾಯವಿಲ್ಲ. ಮತ್ತೆ ನಡೆಯುವುದನ್ನು ಕಲಿಸಿ ಮನೆಗೆ ಕಳಿಸಲು ಎರಡು ತಿಂಗಳಾದರೂ ಬೇಕಂತೆ. ಇಷ್ಟನ್ನೇ ತಿಳಿಸುವುದಾಗಿದ್ದರೆ ಒಂದು ಕಾರ್ಡು ಸಾಕಾಗುತ್ತಿತ್ತು.

ಮೇಲೆ ನಿಮ್ಮನ್ನು ಕರೆಯಬೇಕಾದ ಜಾಗ ಖಾಲಿ ಬಿಟ್ಟಿದ್ದೇನೆ. ನೀವೂ ಅಣ್ಣನೂ ಬೇರೆಯಾಗಿ ಮೂರು ವರ್ಷವಾಯಿತು. ಅತ್ತಿಗೆ ಎನ್ನಬಹುದೋ ಇಲ್ಲವೋ ತಿಳಿಯದು, ಬೇರೆ ಏನೆನ್ನುವುದಕ್ಕೂ ನಾಲಿಗೆ ಹೊರಳದು. ನಿಮ್ಮ ಹಳೆಯ ನಂಬರು ಈಗ ಯಾರೋ ಟ್ಯಾಕ್ಸಿ ಓಡಿಸುವವರದ್ದು. ಅವರನ್ನು ಎರಡು ಸಲ ಅತ್ತಿಗೆ ಎಂದು ಕರೆದಾಯಿತು. ಎರಡನೆಯ ಸಲ ಅವರು, "ಹೇಳಮ್ಮ, ಎಲ್ಲಿಗೆ ಬರ್ಬೇಕು?" ಎಂದರು. ವಿಳಾಸ ಸಿಕ್ಕಿದ್ದು ಅಮ್ಮನ ಬೀರುವಿನಲ್ಲಿ. ನೀವು ಹೋದ ಮೇಲೆ ಅವಳ ಕೋಟಿನ ತೋಳು ಗಿಡ್ಡ ಮಾಡಿ ಅಂಚೆಯಲ್ಲಿ ಕಳಿಸಿದ್ದಿರಲ್ಲ, ಆ ಪೊಟ್ಟಣದ ಕಾಗದವನ್ನು ಮಡಿಸಿ ಇಟ್ಟುಕೊಂಡಿದ್ದಾಳೆ.

ಈಗ ವಿಷಯಕ್ಕೆ ಬರುತ್ತೇನೆ. ಮುದುಕಿ ಹೋದಳು. ಅಮ್ಮನಲ್ಲ, ಜಾಡಿಯ ಮುದುಕಿ.

ನನ್ನ ಕೆಲಸ ನಿಮಗೆ ಗೊತ್ತು. ಆಪರೇಷನ್ನಿಗೆ ಹೋಗುವ ಕತ್ತರಿ, ಚಿಮಟಗಳನ್ನು ಹಬೆಯಲ್ಲಿ ಬೇಯಿಸಿ, ಒಂದು ಕ್ರಿಮಿಯೂ ಉಳಿಯದಂತೆ ಮಾಡಿ, ಮೊಹರು ಹಾಕಿ ಕಳಿಸುವುದು. ಅಮ್ಮ ಬರುವಷ್ಟರಲ್ಲಿ ಮನೆ ಚೊಕ್ಕಟ ಮಾಡೋಣವೆಂದು ನನ್ನ ಕೋಣೆ ಬಿಟ್ಟು ಇಲ್ಲಿಗೆ ಬಂದೆ. ಅಡುಗೆಮನೆಯ ಕಪಾಟಿನಲ್ಲಿ, ಅಮ್ಮ ಚಹಾ ಹುಳಿ ಬರಿಸುವ ಆ ಗಾಜಿನ ಜಾಡಿ ಇತ್ತು. ಅದರಿಂದ ಬಾಟಲಿಗೆ ಇಳಿಸಿದ್ದನ್ನು ಚಿಕ್ಕಂದಿನಿಂದ ಕುಡಿದಿದ್ದೇನೆ, ಆದರೆ ಜಾಡಿಯ ಬಟ್ಟೆ ಬಿಚ್ಚಿ ಒಳಗೆ ನೋಡಿರಲಿಲ್ಲ. ಅಮ್ಮ ನನ್ನನ್ನು ಅದರ ಹತ್ತಿರ ಸುಳಿಯಲು ಬಿಟ್ಟವಳೇ ಅಲ್ಲ. ಬಿಚ್ಚಿದರೆ, ನೀರಿನ ಮೇಲೆ ಲೋಳೆಲೋಳೆಯಾದ ಬಿಳಿ ಚರ್ಮ, ಕೆಳಗೆ ಕಂದು ಬಾಲಗಳು. ಹಾಳಾಗಿದೆ ಎಂದುಕೊಂಡೆ. ಕೈಗವಸು ಹಾಕಿಕೊಂಡು ಅದನ್ನು ಎರಡು ಚೀಲದಲ್ಲಿ ಕಟ್ಟಿ ಕಸಕ್ಕೆ ಹಾಕಿದೆ. ಜಾಡಿಯನ್ನು ಕುದಿಯುವ ನೀರಿನಲ್ಲಿ ಅದ್ದಿ ಒಣಗಿಸಿದೆ. ಅದು ಹೊಳೆಯುವುದನ್ನು ನೋಡಿ ಖುಷಿಯೂ ಪಟ್ಟೆ.

ಸಂಜೆ ಆಸ್ಪತ್ರೆಯಲ್ಲಿ ಅಮ್ಮ ಕಣ್ಣು ಬಿಟ್ಟವಳೇ ಕೇಳಿದ್ದು, "ಮುದುಕಿ ಹೇಗಿದ್ದಾಳೆ? ಹಸ್ಕೊಂಡಿರ್ತಾಳೆ ಕಣೇ, ಚಹಾ ಕೊಟ್ಯಾ?"

ನಾನು ಎಸೆದ ಆ ಚರ್ಮವೇ ಚಹಾವನ್ನು ಹುಳಿ ಬರಿಸುವ ಮುದುಕಿ ಎಂದು ಆಗ ಹೊಳೆಯಿತು. "ಚೆನ್ನಾಗಿದ್ದಾಳೆ" ಎಂದುಬಿಟ್ಟೆ.

ನೀವು ಮನೆ ಬಿಟ್ಟ ದಿನ ಅಮ್ಮ ನಿಮ್ಮ ಚೀಲದಲ್ಲಿ ಒಂದು ಸಣ್ಣ ಜಾಡಿ ಇಟ್ಟದ್ದನ್ನು ನಾನು ನೋಡಿದ್ದೆ. ಅದು ಇನ್ನೂ ಇದೆಯೇ? ಇದ್ದರೆ ಒಂದು ಚೂರು ಕೊಡಿ. ಇಲ್ಲದಿದ್ದರೆ, ಅಮ್ಮನಿಗೆ ಏನು ಹೇಳಲಿ ಎಂಬುದನ್ನಾದರೂ ಹೇಳಿಕೊಡಿ.

ಇಂತಿ,
ಸೋಪು
(ಆ ಹೆಸರು ಇಟ್ಟವರು ದೂರದೃಷ್ಟಿಯುಳ್ಳವರು.)


ಮಾರ್ಚ್ ೧೧

ಸೋಪು,

ಖಾಲಿ ಬಿಟ್ಟ ಜಾಗ ಹಾಗೆಯೇ ಇರಲಿ. ತುಂಬಲೇಬೇಕೆಂದಿಲ್ಲ.

ಅತ್ತೆ ಬಿದ್ದ ಸುದ್ದಿ ಓದಿ ಅರ್ಧ ದಿನ ಯಾರದೋ ಪ್ಯಾಂಟಿನ ಎಡಗಾಲನ್ನೇ ಎರಡು ಸಲ ಗಿಡ್ಡ ಮಾಡಿದೆ. ಅವರು ಆ ಮೆಟ್ಟಿಲಿನ ದೀಪ ಹಾಕುವುದಿಲ್ಲ ಎಂದು ನಾನು ಎಷ್ಟು ಸಲ ಹೇಳಿದ್ದೆ.

ಇದೆ, ಬದುಕಿದೆ. ಆದರೆ ನಿಮ್ಮ ಮನೆಯಲ್ಲಿ ಇದ್ದಂತೆ ಇಲ್ಲ. ನಿಮ್ಮದು ಹಸಿರು ಚಹಾ, ಜೇನು ಉಂಡು ಬೆಳೆದದ್ದು. ನನ್ನ ಹತ್ತಿರ ಅದು ಮೂರು ವರ್ಷದಿಂದ ಕರಿ ಚಹಾ, ಸಕ್ಕರೆಯಲ್ಲಿದೆ. ಇಲ್ಲಿಗೆ ಬಂದ ಹೊಸದರಲ್ಲಿ ನನಗೆ ಜೇನಿನ ಬಾಟಲಿಯ ಮುಚ್ಚಳ ತೆಗೆಯಲು ಆಗುತ್ತಿರಲಿಲ್ಲ. ಅಂಗಡಿಯಲ್ಲಿ ಕೈಗೆ ಸಿಕ್ಕಿದ್ದನ್ನು ಹಾಕಿದೆ. ಅದು ಅದಕ್ಕೂ ಹೊಂದಿಕೊಂಡಿತು. ಈಗ ಒಮ್ಮೆಲೇ ಜೇನಿಗೆ ಹಾಕಿದರೆ ಮುನಿಸಿಕೊಂಡು ಸುಮ್ಮನೆ ಕೂರುತ್ತದೆ. ಪ್ರತಿ ಸಲವೂ ಸ್ವಲ್ಪ ಸಕ್ಕರೆ ಕಡಿಮೆ ಮಾಡಿ, ಅಷ್ಟೇ ಜೇನು ಸೇರಿಸುತ್ತಾ ತಿರುಗಿಸಬೇಕು. ಆತುರ ಸಲ್ಲದು.

ಅದಕ್ಕೇ ಮೇಲಿನ ಬಿಳಿ ಪದರವನ್ನು ಎರಡು ಮಾಡಿದ್ದೇನೆ. ಅರ್ಧ ಈ ಪೊಟ್ಟಣದಲ್ಲಿದೆ, ಅದರದೇ ಹುಳಿನೀರಿನೊಂದಿಗೆ. ಅರ್ಧ ಇಲ್ಲಿ. ನೀನು ಅಲ್ಲಿ, ನಾನು ಇಲ್ಲಿ, ಒಟ್ಟಿಗೆ ತಿರುಗಿಸೋಣ. ಒಂದು ಕೆಟ್ಟರೆ ಇನ್ನೊಂದು ಇರುತ್ತದೆ. ಚಹಾ ಪೂರ್ತಿ ಆರಿದ ಮೇಲೆ ಜೇನು, ಜೇನು ಕರಗಿದ ಮೇಲೆ ಹುಳಿನೀರು, ಕೊನೆಗೆ ಪದರ. ಗಾಳಿಯಾಡುವಂತೆ ಬಾಯಿಗೆ ಬಟ್ಟೆ ಕಟ್ಟು. ಬಟ್ಟೆಯನ್ನೂ ಇಟ್ಟಿದ್ದೇನೆ. ಕುದಿಯುವ ನೀರನ್ನು ನಿನ್ನಿಂದ ದೂರ ಇಡು, ಅಥವಾ ನಿನ್ನನ್ನು ಅದರಿಂದ.

ಫೋನ್ ನಂಬರು ಕೊಡುತ್ತಿಲ್ಲ. ಫೋನಿನಲ್ಲಾದರೆ ಇಬ್ಬರೂ ಚೆನ್ನಾಗಿದ್ದೇವೆ ಎಂದು ಹೇಳಿ ಇಟ್ಟುಬಿಡುತ್ತೇವೆ.

ಚೀಲದ ಜಾಡಿಯ ಮಾತು ಎತ್ತಿದ್ದೀಯ. ಅದು ನನಗೆ ಸಿಕ್ಕಿದ್ದು ಬಸ್ಸಿನಲ್ಲಿ, ತೊಡೆ ಒದ್ದೆಯಾದಾಗ. ಅತ್ತೆ ಒಂದು ಮಾತನ್ನೂ ಆಡದೆ ಇಟ್ಟಿದ್ದರು. ಇದು ನಿನ್ನದೂ ಹೌದು ಎಂದು ಇಟ್ಟರೋ, ಇಲ್ಲಿಗೆ ಮುಗಿಯಿತು ಎಂದು ಇಟ್ಟರೋ, ನನಗೆ ಇವತ್ತಿಗೂ ತಿಳಿದಿಲ್ಲ. ಪ್ರತಿ ವಾರ ಚಹಾ ಸೋಸುವಾಗ ಅದೇ ಪ್ರಶ್ನೆ. ಇರಲಿ.

ನಾನು ಬರೆದದ್ದು ಅವರಿಗೆ ತಿಳಿಯಬೇಕಾಗಿಲ್ಲ.

ಟೇಪು


ಮಾರ್ಚ್ ೨೦

…… ,

ಟೇಪು ಎಂದು ಸಹಿ ಹಾಕಿದ್ದನ್ನು ನೋಡಿ ಅಡುಗೆಮನೆಯಲ್ಲೇ ಕೂತುಬಿಟ್ಟೆ. ಕತ್ತಿನಿಂದ ಅಳತೆಪಟ್ಟಿ ತೆಗೆಯದೆ ಊಟಕ್ಕೆ ಕೂರುತ್ತಿದ್ದಿರಿ. "ನನ್ನ ಮನೇಲಿ ಒಂದು ಸೋಪು, ಒಂದು ಟೇಪು, ಇನ್ನೇನು ಕಮ್ಮಿ!" ಎಂದು ಅಮ್ಮ ಬಂದವರಿಗೆಲ್ಲ ಹೇಳುತ್ತಿದ್ದಳು.

ಪೊಟ್ಟಣ ಕ್ಷೇಮವಾಗಿ ಬಂತು. ಅಂಚೆಯವರು ಅದನ್ನು ಕೈ ಉದ್ದ ಚಾಚಿ ಹಿಡಿದುಕೊಂಡೇ ಕೊಟ್ಟರು. "ಒಳಗೇನಮ್ಮ, ಗುಳುಗುಳು ಅಂತಿದೆ?" ಎಂದರು. "ನಮ್ಮ ಮನೆಯ ಹಿರಿಯರು" ಎಂದೆ. ಸಹಿಯನ್ನೂ ಕೇಳದೆ ಹೋದರು.

ನೀವು ಹೇಳಿದಂತೆಯೇ ಮಾಡಿದೆ. ಆದರೆ ಪದರವನ್ನು ಹಿಡಿಯುವ ಮುನ್ನ ಕೈಯನ್ನು ಮೂರು ಸಲ ತೊಳೆದೆ. ಇಪ್ಪತ್ತು ವರ್ಷದಿಂದ ನನ್ನ ಕೈಗೆ ಬಂದ ವಸ್ತುವಿನಲ್ಲಿ ಜೀವ ಉಳಿದಿದ್ದರೆ ಅದು ನನ್ನ ತಪ್ಪು. ಈಗ ಜೀವ ಉಳಿಯದಿದ್ದರೆ ನನ್ನ ತಪ್ಪು. ಕೆಲಸದಿಂದ ಬಂದವಳೇ ಚಪ್ಪಲಿಯನ್ನೂ ಬಿಚ್ಚದೆ ಕಪಾಟು ತೆಗೆದು ನೋಡುತ್ತೇನೆ. ಪದರದ ಕೆಳಗೆ ಸಣ್ಣ ಗುಳ್ಳೆ ಎದ್ದಿದೆ. ಒಳ್ಳೆಯದೋ ಕೆಟ್ಟದ್ದೋ?

ಅಮ್ಮ ಇವತ್ತು ಎರಡು ಕಂಬಿ ಹಿಡಿದು ನಿಂತಳು. ನಡಿಗೆ ಕಲಿಸುವ ಹುಡುಗನಿಗೆ, "ನಾನು ನಡೆಯೋಕೆ ಕಲಿತಾಗ ನಿಮ್ಮ ತಾತನೇ ಹುಟ್ಟಿರ್ಲಿಲ್ಲ" ಎಂದಳಂತೆ.

ಚೀಲದ ಜಾಡಿಯ ಬಗ್ಗೆ ಅವಳನ್ನೇ ಕೇಳಲೇ?

ಸೋಪು


ಮಾರ್ಚ್ ೨೯

ಸೋಪು,

ಕೇಳಬೇಡ.

ಗುಳ್ಳೆ ಒಳ್ಳೆಯದು, ಉಸಿರಾಡುತ್ತಿದೆ ಎಂದರ್ಥ. ಮೇಲೆ ನೀರುಬಣ್ಣದ ತೆಳುವಾದ ಹೊಸ ಕೆನೆ ಕಟ್ಟಿದರೆ ಹೆಪ್ಪು ನಿಂತಿತೆಂದು ತಿಳಿ. ಹಸಿರು ಅಥವಾ ಕಪ್ಪು ಬೂಷ್ಟು ಕಂಡರೆ ಮಾತ್ರ ಬರೆ. ದಿನಕ್ಕೊಂದು ಸಲ ನೋಡಿದರೆ ಸಾಕು, ಅದಕ್ಕೂ ಸ್ವಲ್ಪ ಏಕಾಂತ ಬೇಕು.

ಇಲ್ಲಿ ಜೇನು ತಂದೆ. ಅಂಗಡಿಯ ಹಿಂದಿನ ಕೋಣೆಯಲ್ಲಿ, ಇಸ್ತ್ರಿಯ ಮೇಜಿನ ಪಕ್ಕ ಮುಚ್ಚಳ ತೆಗೆದೆ. ಅಂದುಕೊಂಡಷ್ಟು ಕಷ್ಟವಾಗಲಿಲ್ಲ. ಅಂಗಡಿಯ ಯಜಮಾನಿ ಮೂಗರಳಿಸಿ, "ಏನಿದು, ಹೂವಿನಂಗಡಿ ಆಗೋಯ್ತಲ್ಲ!" ಎಂದು ಬಂದು ಒಂದು ಚಮಚ ನೆಕ್ಕಿ ಹೋದರು.

ಈ ವಾರ ಒಬ್ಬರು ತಮ್ಮ ತಾಯಿಯ ಕೋಟನ್ನು ತಂದಿದ್ದಾರೆ. ತಮಗೆ ಆಗುವಂತೆ ಅಗಲ ಮಾಡಬೇಕು. ಒಳಗೆ ಬಿಚ್ಚಿ ನೋಡಿದರೆ, ಹೊಲಿದವರು ಎರಡೂ ಮಗ್ಗುಲಿಗೆ ಎರಡೆರಡು ಬೆರಳು ಬಟ್ಟೆ ಬಿಟ್ಟಿದ್ದಾರೆ. ಯಾರಿಗೆಂದು ಬಿಟ್ಟರೋ. ಅಂಥ ಕೆಲಸ ಸಿಕ್ಕಿದ ದಿನ ಮನಸ್ಸು ಹಗುರವಾಗಿರುತ್ತದೆ.

ಟೇಪು


ಏಪ್ರಿಲ್ ೧೯

…… ,

ಮೊದಲು ಒಳ್ಳೆಯ ಸುದ್ದಿ. ಕೆನೆ ಕಟ್ಟಿತು! ಎರಡನೆಯ ಸಲದ್ದು ಬಾಟಲಿಗೆ ಇಳಿಸಿ ಬಿಗಿಯಾಗಿ ಮುಚ್ಚಿಟ್ಟಿದ್ದೆ. ತೆಗೆದಾಗ ಮುಚ್ಚಳ ಛಾವಣಿಗೆ ಹಾರಿತು, ಅರ್ಧ ನನ್ನ ತಲೆಗೆ ಅಭಿಷೇಕವಾಯಿತು. ಉಳಿದರ್ಧ ಕುಡಿದೆ. ಹುಳಿ ಇದೆ, ನಾಲಿಗೆ ಚುರುಗುಟ್ಟುತ್ತದೆ, ಕೊನೆಯಲ್ಲಿ ಎಲ್ಲೋ ದೂರದಲ್ಲಿ ಜೇನು. ಅಮ್ಮನ ಕೈಯದ್ದರ ಹಾಗೆ ಇನ್ನೂ ಆಗಿಲ್ಲ. ಸಕ್ಕರೆ, ಜೇನು ಈಗ ಸಮಸಮ. ಮುಂದಕ್ಕೆ ಹೋಗಲು ನನಗೆ ಭಯ, ಆದ್ದರಿಂದ ಅಲ್ಲಿಯೇ ನಿಲ್ಲಿಸಿದ್ದೇನೆ.

ಎರಡನೆಯದು, ಅಮ್ಮ ಈ ತಿಂಗಳ ಕೊನೆಗೇ ಬರುತ್ತಾಳೆ. ನಡಿಗೆ ಕಲಿಸುವ ಹುಡುಗನಿಗೆ ಅವಳನ್ನು ಬೇಗ ಕಳಿಸುವ ಆಸೆ ಇರಬೇಕು. ಅವಳು ಬಂದ ಕೂಡಲೆ ಕೇಳುವುದು ಜಾಡಿಯನ್ನೇ. ಗೊತ್ತಾಗುತ್ತದೆಯೇ?

ಮೂರನೆಯದನ್ನು ಬರೆಯಲು ಇಷ್ಟವಿಲ್ಲ. ಆದರೆ ಬೇರೆ ಯಾರಿಂದಲೋ ಕೇಳುವುದಕ್ಕಿಂತ ನನ್ನಿಂದಲೇ ಕೇಳುವುದು ಮೇಲು. ಅಣ್ಣ ಮದುವೆಯಾಗುತ್ತಿದ್ದಾನೆ, ಚಳಿಗಾಲಕ್ಕೆ. ನಿನ್ನೆ ಬಂದವನು ಜಾಡಿಯನ್ನು ನೋಡಿ ನಿಂತ. "ಇದು ಇನ್ನೂ ಇದೆಯಾ?" ಎಂದ. ಇದೆ ಎಂದೆ. "ಒಳ್ಳೇದಾಯ್ತು" ಎಂದು ಹೊರಗೆ ಹೋದ. ಏನು ಒಳ್ಳೆಯದಾಯಿತೆಂದು ನಾನು ಕೇಳಲಿಲ್ಲ.

ಬೇಗ ಬರೆಯಿರಿ.

ಸೋಪು


ಮೇ ೧೦

…… ,

ನಿಮ್ಮ ಪತ್ರವಿಲ್ಲ. ಮೂರನೆಯ ಸುದ್ದಿಯನ್ನು ಬರೆಯಬಾರದಿತ್ತೇನೋ. ಆದರೂ ನಡೆದದ್ದನ್ನು ಹೇಳಲೇಬೇಕು.

ಅಮ್ಮ ಬಂದಳು. ಕೋಲು ಊರಿಕೊಂಡು ನೆಟ್ಟಗೆ ಅಡುಗೆಮನೆಗೆ ಹೋಗಿ ಕುರ್ಚಿ ಎಳೆಸಿ ಕೂತಳು. ಲೋಟವನ್ನು ಕಿಟಕಿಯ ಬೆಳಕಿಗೆ ಹಿಡಿದಳು. ಒಂದು ಗುಟುಕು ಕುಡಿದಳು. "ಹುಳಿ ಬಂದಿದೆ" ಎಂದಳು, ಅಷ್ಟೆ. ಗೆದ್ದೆವು ಎಂದುಕೊಂಡೆ. ಕೆಲವು ದಿನ ಏನೂ ಇಲ್ಲ.

ಮೊನ್ನೆ ನಾನು ಕೆಲಸದಿಂದ ಬಂದಾಗ ಜಾಡಿಯ ಬಟ್ಟೆಯನ್ನು ತೊಡೆಯ ಮೇಲೆ ಹರಡಿಕೊಂಡು, ಅದರ ಅಂಚನ್ನು ಹೆಬ್ಬೆರಳಿನಿಂದ ಸವರುತ್ತಾ ಕೂತಿದ್ದಳು.

"ಇದು ಎಲ್ಲಿಂದ ಬಂತು?"

"ಅಂಗಡಿಯಿಂದ ತಂದೆ."

"ಯಾವ ಅಂಗಡೀಲೇ ಜಾಡಿ ಬಟ್ಟೆಗೆ ಹೊಲಿಗೆ ಕಾಣದ ಹಾಗೆ ಅಂಚು ಮಡಚಿಕೊಡ್ತಾರೆ? ನಾನು ಹರಿದ ದುಪ್ಪಟಿ ತುಂಡು ಕಟ್ತಿದ್ದೋಳು. ನನ್ನ ಕೋಟಿನ ತೋಳಲ್ಲೂ ಇದೇ ಹೊಲಿಗೆ ಇದೆ, ತಂದು ತೋರಿಸ್ಲಾ?"

ನಾನು ಬಗ್ಗಿ ಚಪ್ಪಲಿ ಬಿಚ್ಚತೊಡಗಿದೆ.

"ನನ್ನ ಮುದುಕೀನ ಏನು ಮಾಡ್ದೆ, ಹೇಳು."

"ಎಸೆದೆ. ಜಾಡಿ ಬೇಯಿಸಿದೆ."

ಬೈಯುತ್ತಾಳೆಂದುಕೊಂಡೆ. ಅವಳು ನಕ್ಕಳು. ಸೊಂಟ ಹಿಡಿದುಕೊಂಡು, "ಅಯ್ಯೋ ನಗಿಸ್ಬೇಡ, ನೋಯತ್ತೆ" ಎನ್ನುತ್ತಾ ನಕ್ಕಳು. ಆಮೇಲೆ ಲೋಟ ತರಿಸಿಕೊಂಡು ಇನ್ನೊಂದು ಗುಟುಕು ಕುಡಿದಳು. ತುಂಬಾ ಹೊತ್ತು ಬಾಯಲ್ಲೇ ಇಟ್ಟುಕೊಂಡಿದ್ದಳು.

"ಟೇಪು ಜೇನು ಬಿಟ್ಟಿದ್ಳು" ಎಂದಳು.

ಬಟ್ಟೆಯನ್ನು ಮಡಿಸಿ ನನ್ನ ಕೈಗಿತ್ತು, ಮತ್ತೆ ಜಾಡಿಗೆ ಕಟ್ಟಿಸಿದಳು.

ಸೋಪು


ಮೇ ೧೭

ಸೋಪು,

ತಡವಾದದ್ದಕ್ಕೆ ಕೆಲಸ ಹೆಚ್ಚಿತ್ತು ಎನ್ನಬಹುದು. ಹೆಚ್ಚಿರಲಿಲ್ಲ.

ಅಂಚು ಮಡಚದೆ ಬಟ್ಟೆಯನ್ನು ಕೈಯಿಂದ ಬಿಡಲು ನನಗೆ ಬರುವುದಿಲ್ಲ. ಸಿಕ್ಕಿಬಿದ್ದದ್ದು ನನ್ನಿಂದಲೇ, ನಿನ್ನಿಂದಲ್ಲ.

ನಿನ್ನ ಅಣ್ಣನಿಗೆ ಒಳ್ಳೆಯದಾಗಲಿ. ಇದನ್ನು ನಾಲ್ಕು ಸಲ ಬರೆದು ನೋಡಿದ್ದೇನೆ, ನಾಲ್ಕು ಸಲವೂ ನಿಜವೇ ಅನ್ನಿಸಿತು. ನಮ್ಮಿಬ್ಬರ ನಡುವೆ ದೊಡ್ಡ ಜಗಳವೇನೂ ಇರಲಿಲ್ಲವೆಂದು ನಿನಗೆ ಗೊತ್ತು. ಕೊನೆಕೊನೆಗೆ ಜಗಳವಾಡುವಷ್ಟು ಮಾತೂ ಇರಲಿಲ್ಲ.

ಬರುವವರನ್ನು ಅತ್ತಿಗೆ ಎಂದೇ ಕರೆ. ಅವರಿಗೆ ಬರೆಯುವ ಪತ್ರದಲ್ಲಿ ಜಾಗ ಖಾಲಿ ಬಿಡಬೇಡ. ಒಂದು ಮನೆಯಲ್ಲಿ ಆ ಜಾಗ ಒಂದೇ, ಇಬ್ಬರು ಕೂರುವುದಿಲ್ಲ. ಅದಕ್ಕೇ ಇನ್ನು ನಾವು ಬರೆಯುವುದು ಅಷ್ಟು ಸರಿಯಲ್ಲವೆಂದು ತೋರುತ್ತದೆ. ಅವರ ಕಣ್ಣಿಗೆ ಬಿದ್ದರೆ ಏನೆಂದುಕೊಂಡಾರು.

ನನ್ನ ಜಾಡಿ ಪೂರ್ತಿ ಜೇನಿಗೆ ತಿರುಗಿದೆ. ಸಕ್ಕರೆ ಬಿಟ್ಟು ಎರಡು ಸಲವಾಯಿತು. ಬಣ್ಣ ತಿಳಿಯಾಗಿದೆ, ನಿಮ್ಮ ಮನೆಯಲ್ಲಿದ್ದ ಹಾಗೆ. ಅತ್ತೆಗೆ ಬೇಕಾದರೆ ಒಂದು ಪದರ ಅಂಚೆಯಲ್ಲಿ ಕಳಿಸುತ್ತೇನೆ. ಅಲ್ಲಿಗೆ ಅವರದ್ದು ಅವರಿಗೆ ಸೇರಿದಂತಾಗುತ್ತದೆ.

ಟೇಪು


ಮೇ ೨೮

ಟೇಪು,

ಕುರ್ಚಿಯಲ್ಲಿ ಕೂತು ಬರೀತಿದೀನಿ, ಅಕ್ಷರ ಸೊಟ್ಟಗಿದ್ರೆ ಓದ್ಕೋ. ನಿನ್ನ ನಾದಿನಿ ನಿನ್ನ ಪತ್ರ ಓದಿ ಹೇಳಿದ್ಳು. ಮಧ್ಯೆ ಕೆಲವು ಸಾಲು ನುಂಗಿದ್ಳು. ಅವಳು ಕೆಲಸಕ್ಕೆ ಹೋದ ಮೇಲೆ ನುಂಗಿದ್ದನ್ನೂ ಓದ್ಕೊಂಡೆ, ಮೊದಲಿನ ಪತ್ರಗಳನ್ನೂ ಓದ್ಕೊಂಡೆ. ಸೊಂಟ ಮುರಿದಿದೆ, ಕಣ್ಣು ಮುರಿದಿಲ್ಲ.

ಚೀಲದಲ್ಲಿ ಯಾಕಿಟ್ಟೆ ಅಂತ ವಾರವಾರ ಕೇಳ್ಕೊಳ್ತೀಯಂತೆ. ಕೇಳೋದಿದ್ರೆ ನನ್ನ ಕೇಳ್ಬೇಕಿತ್ತು, ಚಹಾ ಸೋಸೋ ಬಟ್ಟೇನಲ್ಲ. ಅವತ್ತು ನನಗೆ ಮಾತು ಹೊರಡ್ಲಿಲ್ಲ. ನಿನ್ನ ಪರ ಆಡಿದ್ರೆ ಮಗನಿಗೆ ಅನ್ಯಾಯ, ಅವನ ಪರ ಆಡಿದ್ರೆ ನಿನಗೆ. ಹೋಗು ಅನ್ನೋಕೆ ಮನಸ್ಸಿಲ್ಲ, ಇರು ಅನ್ನೋಕೆ ಹಕ್ಕಿಲ್ಲ. ಅಡುಗೆಮನೆಗೆ ಹೋದೆ, ಕೈಗೆ ಜಾಡಿ ಸಿಕ್ತು.

ನಮ್ಮತ್ತೆ ಇದನ್ನ ನನಗೆ ಕೊಟ್ಟಾಗ ಒಂದೇ ಮಾತು ಹೇಳಿದ್ರು. ಒಂದು ಪದರ ಯಾವಾಗ್ಲೂ ಹೊರಗಡೆ ಇನ್ನೊಬ್ಬರ ಹತ್ರ ಇರ್ಬೇಕು. ಮನೇದು ಒಂದಲ್ಲ ಒಂದು ದಿನ ಕೆಟ್ಟೇ ಕೆಡುತ್ತೆ. ಅವತ್ತು ಹೋಗಿ ತಟ್ಟೋಕೆ ಒಂದು ಬಾಗಿಲು ಇರ್ಬೇಕು. ಕೊಡೋವಾಗ ಯಾರಿಗೆ ಕೊಡ್ತೀಯ ಅಂತ ನೋಡಿ ಕೊಡು ಅಂದ್ರು. ನಾನು ನೋಡೇ ಕೊಟ್ಟೆ. ಮಗಳಿಗೆ ಕೊಡೋ ಹಾಗಿತ್ತಾ? ಏನಾಯ್ತು ಅಂತ ನೋಡಿದ್ಯಲ್ಲ.

ಬಾಗಿಲು ಇಟ್ಕೊಂಡು ಮೂರು ವರ್ಷ ತಟ್ಟದೆ ಕೂತೆ. ನೀನೂ ತಟ್ಲಿಲ್ಲ. ಇಬ್ಬರದ್ದೂ ಸಮ ಆಯ್ತು ಬಿಡು.

ಬರೋ ಹುಡುಗಿ ಮನೆಗೆ ಬಂದಿದ್ಳು. ಒಳ್ಳೆಯವಳೇ, ಬಾಯ್ತುಂಬ ನಗ್ತಾಳೆ. ಜಾಡಿ ನೋಡಿ ಎರಡು ಹೆಜ್ಜೆ ಹಿಂದೆ ಹೋದ್ಳು. ಅವಳು ಕಾಫಿಯವಳು. ಜಾಗ ಒಂದೇ ಅಂತ ಬರ್ದಿದೀಯಲ್ಲ, ಮನೆ ಅಂದ್ರೆ ಬಸ್ಸಿನ ಸೀಟಾ, ಒಬ್ರು ಎದ್ರೆ ಇನ್ನೊಬ್ರು ಕೂರೋಕೆ? ನೀನು ಪತ್ರ ಬರೀತೀಯ ಅಂತ ಅವಳಿಗೆ ನಾನೇ ಹೇಳಿದೀನಿ. "ಆ ಕೋಟು ಹೊಲಿದವರಾ?" ಅಂದ್ಳು. ಅವಳದ್ದೂ ಒಂದು ಕೋಟು ಉದ್ದ ಆಗಿದ್ಯಂತೆ. ನಾನೇನೂ ಒಪ್ಕೊಂಡಿಲ್ಲ.

ಪದರ ಅಂಚೇಲಿ ಕಳಿಸ್ಬೇಡ. ಮುದುಕಿ ಒಂದ್ಸಲ ಪಾರ್ಸೆಲ್ ಆಗಿ ಬಂದಿದ್ದು ಸಾಕು. ನೀನೇ ತಗೊಂಡು ಬಾ. ಕೆಟಲ್ ಎತ್ತೋಕೆ ನನ್ನ ಕೈಲಾಗಲ್ಲ, ಇವಳ ಕೈಗೆ ಕೊಡೋಕೆ ಧೈರ್ಯ ಸಾಲಲ್ಲ. ಮೆಟ್ಟಿಲಿಗೆ ಈಗ ದೀಪ ಹಾಕ್ತೀನಿ.

ನಿನ್ನ ಅತ್ತೆ
(ಬೇರೆಯಾಗೋ ಕಾಗದಕ್ಕೆ ಸಹಿ ಹಾಕಿದ್ದು ನೀವಿಬ್ರು. ನಾನು ಹಾಕಿಲ್ಲ.)


ಜೂನ್ ೬

ಅತ್ತೆ,

ನಿಮ್ಮ ಪತ್ರ ಬಂದು ಕೆಲವು ದಿನವಾಯಿತು. ಹೊಲಿಗೆ ಯಂತ್ರದ ಪಕ್ಕ, ಗುಂಡುಸೂಜಿಯ ಡಬ್ಬಿಯ ಕೆಳಗೆ ಇಟ್ಟಿದ್ದೇನೆ. ದಾರ ಮುಗಿದಾಗಲೆಲ್ಲ ಓದಿದೆ. ಈ ವಾರ ದಾರ ಬೇಗ ಬೇಗ ಮುಗಿಯಿತು.

ಅದನ್ನು ನಿಮ್ಮನ್ನೇ ಕೇಳಬೇಕಿತ್ತು, ನಿಜ. ಕೇಳಿದರೆ ಉತ್ತರ ಸಿಕ್ಕಿಬಿಡುತ್ತದೆಂಬ ಭಯವಿತ್ತು.

ಇವತ್ತು ಬೆಳಿಗ್ಗೆ ನನ್ನ ಜಾಡಿಯದನ್ನು ಸೋಸಿ ಕುಡಿದೆ. ಮೊದಲು ಹುಳಿ, ಆಮೇಲೆ ಚಹಾದ ಒಗರು, ಎಲ್ಲ ಇಳಿದ ಮೇಲೆ ಜೇನು. ನಿಮ್ಮ ಅಡುಗೆಮನೆಯಲ್ಲಿ ಕಿಟಕಿಯ ಕಡೆ ಬೆನ್ನು ಮಾಡಿ ನಿಂತು ಕುಡಿಯುತ್ತಿದ್ದೆನಲ್ಲ, ಅದೇ. ಇನ್ನೊಂದು ಲೋಟ ಅಂಗಡಿಯ ಯಜಮಾನಿಗೆ ಕೊಟ್ಟೆ. "ಇಷ್ಟು ದಿನ ಇದನ್ನ ಬಚ್ಚಿಟ್ಟಿದ್ಯಾ?" ಎಂದು ರೇಗಿದರು. ಒಂದು ಪದರ ಅವರಲ್ಲಿ ಬಿಟ್ಟು ಬರುತ್ತೇನೆ. ನೀವು ಹೇಳಿದಂತೆ ನೋಡಿಯೇ ಕೊಡುತ್ತಿದ್ದೇನೆ, ಅವರು ಯಾವುದನ್ನೂ ತೊಳೆಯುವವರಲ್ಲ.

ಸೋಪಿಗೆ ಹೇಳಿ, ಜಾಡಿಯನ್ನು ತಣ್ಣೀರಿನಲ್ಲಿ ಜಾಲಿಸಿದರೆ ಸಾಕು. ಅವಳು ಖಾಲಿ ಬಿಡುತ್ತಿದ್ದ ಜಾಗವನ್ನು ಇನ್ನು ಅವಳಿಗೆ ತೋಚಿದಂತೆ ತುಂಬಲಿ. ಆ ಹುಡುಗಿಯ ಕೋಟನ್ನು ಕತ್ತರಿಸಲು ಬೇರೆ ಯಾರ ಕೈಗೂ ಕೊಡಬೇಡಿ. ಒಳಗೆ ಎಷ್ಟು ಬಟ್ಟೆ ಬಿಟ್ಟಿದ್ದಾರೆಂದು ಮೊದಲು ನೋಡಬೇಕು.

ಬರುವ ಶನಿವಾರ ಬೆಳಗಿನ ಬಸ್ಸಿಗೆ ಹೊರಡುವುದೆಂದು ತೀರ್ಮಾನಿಸಿದ್ದೇನೆ. ಇನ್ನೂ ರಜೆ ಕೇಳಿಲ್ಲ, ಟಿಕೆಟ್ ತೆಗೆದಿಲ್ಲ, ಚೀಲ ಅಟ್ಟದ ಮೇಲೆಯೇ ಇದೆ. ಜಾಡಿಯ ಬಾಯಿಗೆ ಹೊಸ ಬಟ್ಟೆ ಮಾತ್ರ ಕತ್ತರಿಸಿಟ್ಟಿದ್ದೇನೆ. ಅಂಚು ಮಡಚಿಲ್ಲ. ಸೂಜಿದಾರ ತರುತ್ತೇನೆ, ಅದನ್ನು ಅಲ್ಲಿಯೇ ನಿಮ್ಮ ಕುರ್ಚಿಯ ಪಕ್ಕ ಕೂತು ಹೊಲಿಯುತ್ತೇನೆ.

ನಿಮ್ಮ
ಟೇಪು